ಒಂದಗುಳು ಹಿಚುಕಿದರೆ ಸಾಲದು

2022ರ ನವೆಂಬರ್ 11, ಕನಕ ಜಯಂತಿಯ ದಿನ, ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ಪ್ರಧಾನಿಯವರು ಬಂದಿದ್ದರು. 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಅನಾವರಣವಾದದ್ದೂ ಅಂದೇ. ಬಿದಿರಿನ ಚಾವಣಿ, ಒಳಗೇ ತೂಗುವ ಗಿಡಬಳ್ಳಿ, ಎಲ್ಲವನ್ನೂ ಟಿವಿಯಲ್ಲಿ ನೋಡಿ ನಮ್ಮ ಕಡೆಯವರು ಹಿಗ್ಗಿದರು. ಆದರೆ ಮರುದಿನ ಆ ಟರ್ಮಿನಲ್ಲಿನಿಂದ ಒಬ್ಬ ಪ್ರಯಾಣಿಕನೂ ವಿಮಾನ ಹತ್ತಲಿಲ್ಲ. ಮರುವಾರವೂ ಇಲ್ಲ, ಮರುತಿಂಗಳೂ ಇಲ್ಲ.

ಮೊದಲ ವಿಮಾನ ಹೊರಟದ್ದು 2023ರ ಜನವರಿ 15ರಂದು. ಸುತ್ತಲ ಹಳ್ಳಿಗಳಲ್ಲಿ ಮಕ್ಕಳು ಎಳ್ಳು ಬೀರುತ್ತಿದ್ದ, ದನಗಳ ಮೈ ತೊಳೆದು ಕಿಚ್ಚು ಹಾಯಿಸಲು ಅಣಿಯಾಗುತ್ತಿದ್ದ ಸಂಕ್ರಾಂತಿಯ ದಿನ ಅದು. ವಿಮಾನ ಹೋದದ್ದು ಲಂಡನ್ನಿಗಲ್ಲ, ನ್ಯೂಯಾರ್ಕಿಗಲ್ಲ, ನಮ್ಮ ಕಲಬುರಗಿಗೆ. ಸ್ಟಾರ್ ಏರ್ ಎಂಬ ಸಣ್ಣ ಕಂಪನಿಯ ಸಣ್ಣ ವಿಮಾನ. ವರ್ಷಕ್ಕೆ ಎರಡೂವರೆ ಕೋಟಿ ಜನರಿಗೆಂದು ಕಟ್ಟಿದ ಮಹಲಿನಲ್ಲಿ ಮೊದಲ ದಿನದ ಪಂಕ್ತಿಗೆ ಕೂತವರು ಅಷ್ಟೇ ಮಂದಿ. ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ದೇಶೀ ಕಂಪನಿಗಳು ಒಂದೊಂದಾಗಿ ಬಂದವು. ವಿದೇಶಕ್ಕೆ ಹೋಗುವ ವಿಮಾನಗಳು ಆಗಸ್ಟ್ 31ಕ್ಕೆ ಬರುತ್ತವೆ ಎಂದಿದ್ದದ್ದು ಮುಂದಕ್ಕೆ ಹೋಗಿ ಸೆಪ್ಟೆಂಬರ್ 12ಕ್ಕೆ ಬಂದವು.

ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿ, ಹತ್ತು ತಿಂಗಳ ಕಾಲ ಒಂದೊಂದೇ ಸಾಮಾನು ಸಾಗಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಮನೆಯಾದರೆ ನಗುತ್ತೇವೆ. ವಿಮಾನ ನಿಲ್ದಾಣವಾದರೆ ಅದೇ ಬುದ್ಧಿವಂತಿಕೆ. ಗೋಡೆ, ಗಾಜು, ಬೆಲ್ಟು, ಬಾಗಿಲು ಕಣ್ಣಿಗೆ ಕಾಣುತ್ತವೆ. ಇವೆಲ್ಲವನ್ನೂ ಆಡಿಸುವ ಸಾಫ್ಟ್‌ವೇರು ಕಾಣುವುದಿಲ್ಲ. ಅದು ಸರಿಯಾಗಿದೆಯೇ ಇಲ್ಲವೇ ಎಂದು ತಿಳಿಯಲು ಇರುವ ದಾರಿ ಒಂದೇ: ಪರೀಕ್ಷೆ. ಅದನ್ನೂ ಒಂದೇ ಸಲಕ್ಕೆ ಮಾಡಿ ಮುಗಿಸಲಾಗದು, ಹಂತಹಂತವಾಗಿ ಮಾಡಬೇಕು.

ಯಾಕೆ ಹಂತಹಂತ? ಅಜ್ಜಿಯನ್ನೇ ಕೇಳಿ, ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ ಅಂತ. ಸೌಟಿನ ತುದಿಯಲ್ಲಿ ಒಂದು ಅಗುಳು ತೆಗೆದು ಎರಡು ಬೆರಳಲ್ಲಿ ಹಿಚುಕುತ್ತಾರೆ, ಅಷ್ಟೇ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಒಂದು ಅಗುಳು ಬೆಂದಿದ್ದರೆ ಎಲ್ಲ ಬೆಂದಂತೆ. ಸಾಫ್ಟ್‌ವೇರು ಆ ಜಾತಿಯದಲ್ಲ. ಅದರ ಒಂದೊಂದು ಅಗುಳೂ ಬೇರೆ ಬೇರೆ ಒಲೆಯ ಮೇಲಿದೆ. ಹತ್ತು ಸಾವಿರ ಸಲ ಸರಿಯಾದ ಉತ್ತರ ಕೊಟ್ಟ ಲೆಕ್ಕದ ಯಂತ್ರ ಹತ್ತು ಸಾವಿರದ ಒಂದನೇ ಸಲ ಎಡವಬಹುದು.

ಅಮೆರಿಕದ ಮಿನೆಸೋಟ ರಾಜ್ಯದ ವಿನೋನಾ ಎಂಬ ಊರಿನಲ್ಲಿ 104 ವರ್ಷದ ಒಬ್ಬ ಅಜ್ಜಿ ಇದ್ದರು. 1990ರ ದಶಕದ ಆರಂಭದಲ್ಲಿ ಒಂದು ದಿನ ಅವರಿಗೆ ಒಂದು ಕಾಗದ ಬಂತು: ಶಿಶುವಿಹಾರಕ್ಕೆ ಸೇರಿಕೊಳ್ಳಿ, ನಿಮಗೆ ವಯಸ್ಸಾಯಿತು ಎಂದು! ಕಂಪ್ಯೂಟರು ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿಗಳನ್ನಷ್ಟೇ ಇಟ್ಟುಕೊಂಡಿತ್ತು. 1888ರಲ್ಲಿ ಹುಟ್ಟಿದವರೂ ಅದಕ್ಕೆ ‘88’, 1988ರಲ್ಲಿ ಹುಟ್ಟಿದವರೂ ‘88’. ಆ ಸಾಫ್ಟ್‌ವೇರನ್ನು ಪರೀಕ್ಷಿಸಿದವರು ಹತ್ತು, ಇಪ್ಪತ್ತು, ಐವತ್ತು ವರ್ಷದವರ ಹೆಸರು ಹಾಕಿ ನೋಡಿರಬೇಕು. ನೂರು ದಾಟಿದ ಅಜ್ಜಿಯ ಹೆಸರು ಹಾಕಿ ನೋಡುವುದು ಯಾರಿಗೂ ಹೊಳೆದಂತಿಲ್ಲ. ಪರೀಕ್ಷೆ ಮಾಡುವವರ ಕಸುಬಿನ ಗುಟ್ಟು ಇಲ್ಲೇ ಇದೆ. ತಪ್ಪು ಅಡಗುವುದು ನಡುವೆ ಅಲ್ಲ, ಅಂಚಿನಲ್ಲಿ. 99 ಆದಮೇಲೆ 100, ಫೆಬ್ರುವರಿ 28 ಆದಮೇಲೆ 29, ಸೊನ್ನೆ, ಖಾಲಿ ಬಿಟ್ಟ ಜಾಗ.

ಹೆಸರಿನ ವಿಷಯವನ್ನೇ ನೋಡಿ. ಬರೀ ‘ಮುನಿಯಪ್ಪ’ ಎಂದೋ ‘ಪಿಳ್ಳಮ್ಮ’ ಎಂದೋ ಒಂದೇ ಹೆಸರಿರುವ ತಾತ-ಅಜ್ಜಿಯರು ದೇವನಹಳ್ಳಿ, ಹೊಸಕೋಟೆ ಕಡೆ ಎಷ್ಟೋ ಮಂದಿ. ‘ಕೊನೆಯ ಹೆಸರು ಕಡ್ಡಾಯ’ ಎಂದು ಹಟ ಹಿಡಿಯುವ ಅರ್ಜಿಯ ಮುಂದೆ ಅವರು ಏನು ಮಾಡಬೇಕು? ಅಂಥ ಅರ್ಜಿಯನ್ನು ಸಿದ್ಧಪಡಿಸಿದವರ ಪರೀಕ್ಷೆಯ ಪಟ್ಟಿಯಲ್ಲಿ ಮುನಿಯಪ್ಪನವರು ಇರಲಿಲ್ಲ ಎಂದೇ ಅರ್ಥ.

ಮಗ್ಗದ ಮೇಲಿನ ಮಾದರಿ

ದೊಡ್ಡಬಳ್ಳಾಪುರದ ಮಕ್ಕಳಿಗೆ ಸಾಫ್ಟ್‌ವೇರು ಎಂದರೇನು ಎಂದು ನಾನು ವಿವರಿಸಬೇಕಾಗಿಲ್ಲ. ಅವರು ಮಗ್ಗದ ಸದ್ದಿನಲ್ಲೇ ಮಲಗಿ ಎದ್ದವರು. ಸೀರೆಯ ಅಂಚಿನ ಹೂವು, ಸೆರಗಿನ ನವಿಲು ಬರುವುದು ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡಿನಿಂದ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ಮಾಡಿದ ಯಂತ್ರ ಅದು. ತೂತು ಕೊರೆದ ರಟ್ಟುಗಳ ಮಾಲೆ ಒಂದೊಂದಾಗಿ ಬರುತ್ತದೆ. ರಟ್ಟಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ನಡುವೆ ಹೊಕ್ಕಿನ ನೂಲು ಹಾದುಹೋಗುತ್ತದೆ. ಆ ರಟ್ಟಿನ ಮಾಲೆಯೇ ಮಗ್ಗಕ್ಕೆ ಕೊಟ್ಟ ಆಜ್ಞೆಗಳ ಪಟ್ಟಿ. ಕಂಪ್ಯೂಟರಿನ ಮುತ್ತಜ್ಜ ಎನಿಸಿಕೊಂಡ ಯಂತ್ರದ ನಕ್ಷೆ ಬರೆಯುವಾಗ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎರವಲು ಪಡೆದದ್ದು ಇದೇ ರಟ್ಟಿನ ಉಪಾಯವನ್ನು. ಈಗ ಎಷ್ಟೋ ಕಡೆ ರಟ್ಟಿನ ಬದಲು ಪೆನ್‌ಡ್ರೈವ್ ಬಂದಿದೆ.

ಹೊಸ ಡಿಸೈನು ಬಂದಾಗ ನೇರವಾಗಿ ನೂರು ಸೀರೆ ನೇಯಲು ಶುರುಮಾಡುತ್ತಾರೆಯೇ? ಇಲ್ಲ. ಮೊದಲು ಒಂದಿಷ್ಟು ನೇಯ್ದು, ಬೆಳಕಿಗೆ ಹಿಡಿದು ನೋಡುತ್ತಾರೆ. ಯಾಕೆಂದರೆ ಒಂದು ತೂತು ತಪ್ಪಿದ್ದರೆ ಆ ತಪ್ಪು ಒಂದು ಹೂವಿಗೆ ನಿಲ್ಲುವುದಿಲ್ಲ, ಅಂಚಿನುದ್ದಕ್ಕೂ ಪ್ರತಿ ಹೂವಿಗೂ ಅದೇ ಎಸಳು ಮುರಿದಿರುತ್ತದೆ. ಕೈತಪ್ಪು ಒಮ್ಮೆ ಆಗಿ ಹೋಗುತ್ತದೆ, ಆಜ್ಞೆಯ ತಪ್ಪು ಮರುಕಳಿಸುತ್ತಲೇ ಇರುತ್ತದೆ. ಸಾಫ್ಟ್‌ವೇರಿಗೆ ಇಷ್ಟು ಹೆದರುವುದು ಇದಕ್ಕೇ.

ತಾತನ ಚೀಲದ ಹಿಂದೆ

ಈಗ ಮತ್ತೆ ವಿಮಾನ ನಿಲ್ದಾಣಕ್ಕೆ ಹೋಗೋಣ. ತಾತನೊಬ್ಬ ಮೊಮ್ಮಗಳನ್ನು ನೋಡಲು ದೂರದ ಊರಿಗೆ ಹೊರಟಿದ್ದಾನೆ ಎಂದುಕೊಳ್ಳಿ. ಚೀಲದಲ್ಲಿ ಎರಡು ದೇವನಹಳ್ಳಿ ಚಕ್ಕೋತ, ಹುರಿಹಿಟ್ಟು, ಒಂದು ಡಬ್ಬಿ ಹುಣಸೆ ತೊಕ್ಕು. ಕೌಂಟರಿನಲ್ಲಿ ಚೀಲಕ್ಕೆ ಒಂದು ಉದ್ದನೆ ಚೀಟಿ ಅಂಟಿಸುತ್ತಾರೆ. ಅದರ ಮೇಲೆ ಗೆರೆಗೆರೆ ಗುರುತು, ಕೆಳಗೆ 10 ಅಂಕಿಗಳ ಒಂದು ಸಂಖ್ಯೆ. ಚೀಲ ಬೆಲ್ಟಿನ ಮೇಲೆ ಹೋಗಿ ಪರದೆಯ ಹಿಂದೆ ಮರೆಯಾಗುತ್ತದೆ. ಆಮೇಲೆ ಅದನ್ನು ನಡೆಸುವುದು ಆ ಸಂಖ್ಯೆ. ದಾರಿಯಲ್ಲಿ ಕಣ್ಣುಗಳಂತಿರುವ ಸ್ಕ್ಯಾನರುಗಳು ಚೀಟಿ ಓದುತ್ತವೆ. ‘ಈ ಸಂಖ್ಯೆಯ ಚೀಲ ಇಂಥ ವಿಮಾನಕ್ಕೆ’ ಎಂಬ ಸಂದೇಶ ಮೊದಲೇ ಬಂದಿರುತ್ತದೆ. ಎರಡನ್ನೂ ತಾಳೆ ನೋಡಿ, ಕವಲು ಬಂದಲ್ಲಿ ಸಾಫ್ಟ್‌ವೇರು ಚೀಲವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ.

ಇಂಥದ್ದನ್ನು ಪರೀಕ್ಷಿಸುವವರು ಮೊದಲು ಬಿಡಿಬಿಡಿಯಾಗಿ ನೋಡುತ್ತಾರೆ. ಸಂಖ್ಯೆ ಓದುವ ತುಣುಕಿಗೆ ಒಂದು ಸಂಖ್ಯೆ ಕೊಟ್ಟು, ಸರಿಯಾಗಿ ಓದಿತೇ? 9 ಅಂಕಿ ಕೊಟ್ಟರೆ ‘ತಪ್ಪು’ ಎಂದಿತೇ? ಚೀಟಿ ಮಡಿಚಿಕೊಂಡಿದ್ದರೆ? ಹಳೆಯ ಪ್ರಯಾಣದ ಚೀಟಿಯೂ ಚೀಲಕ್ಕೆ ಅಂಟಿಕೊಂಡೇ ಇದ್ದರೆ, ಎರಡರಲ್ಲಿ ಯಾವುದನ್ನು ನಂಬುತ್ತದೆ? (ಪ್ರಯಾಣ ಮುಗಿದ ಕೂಡಲೇ ಹಳೆಯ ಚೀಟಿ ಕಿತ್ತುಹಾಕಿ ಎಂದು ಹೇಳುವುದು ಇದಕ್ಕೇ.) ಇದು ಯೂನಿಟ್ ಟೆಸ್ಟ್, ಬಿಡಿ ಪರೀಕ್ಷೆ. ಬರೆದವರೇ ಮಾಡಿಕೊಳ್ಳುವುದು ರೂಢಿ.

ಆಮೇಲೆ ತುಣುಕುಗಳನ್ನು ಜೋಡಿಸಿ ನೋಡುವುದು. ಬಿಡಿಯಾಗಿ ಇಬ್ಬರೂ ಒಳ್ಳೆಯವರು, ಒಟ್ಟಿಗೆ ಕೂರಿಸಿದರೆ ಜಗಳ ಎಂಬ ಕಥೆ ಇಲ್ಲೂ ಉಂಟು. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಬಳಿಗೆ ಹೋಗಿದ್ದ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಕಾಣೆಯಾಯಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರು ಬಲವನ್ನು ಪೌಂಡಿನ ಅಳತೆಯಲ್ಲಿ ಹೇಳುತ್ತಿತ್ತು, ಇನ್ನೊಂದು ಅದನ್ನು ನ್ಯೂಟನ್ ಎಂಬ ಅಳತೆಯೆಂದು ತಿಳಿದು ದಾರಿ ಲೆಕ್ಕ ಹಾಕುತ್ತಿತ್ತು. ಒಬ್ಬ ಸೇರಿನಲ್ಲಿ ರಾಗಿ ಅಳೆದು ಕೊಟ್ಟ, ಇನ್ನೊಬ್ಬ ಕಿಲೋ ಎಂದು ಬರೆದುಕೊಂಡ. ಬಿಡಿ ಪರೀಕ್ಷೆಯಲ್ಲಿ ಇಬ್ಬರೂ ಪಾಸು!

ಮೂರನೆಯದು ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನಡೆಸಿ ನೋಡುವುದು. ಒಂದು ಚೀಲ ಸರಿಯಾಗಿ ಹೋದರೆ ಸಾಲದು. ದಸರಾ ರಜೆಯ ಹಿಂದಿನ ದಿನದ ಗದ್ದಲದಲ್ಲಿ ಸಾವಿರಾರು ಚೀಲ ಒಟ್ಟಿಗೆ ಬಿದ್ದರೆ? ನಡುವೆ ಕರೆಂಟು ಹೋದರೆ? ಅಮೆರಿಕದ ಡೆನ್ವರ್ ನಗರದ ಹೊಸ ವಿಮಾನ ನಿಲ್ದಾಣದಲ್ಲಿ 1994ರಲ್ಲಿ ಪತ್ರಕರ್ತರನ್ನು ಕರೆದು ಚೀಲ ಸಾಗಿಸುವ ಹೊಸ ವ್ಯವಸ್ಥೆಯನ್ನು ತೋರಿಸಿದರು. ಅವರ ಕಣ್ಣೆದುರೇ ಚೀಲಗಳು ಹರಿದು ಬಟ್ಟೆಗಳು ಹಳಿಯ ಮೇಲೆಲ್ಲ ಚೆಲ್ಲಿದವು. 1993ರ ಅಕ್ಟೋಬರಿಗೆ ತೆರೆಯಬೇಕಿದ್ದ ನಿಲ್ದಾಣ ತೆರೆದದ್ದು 1995ರ ಫೆಬ್ರುವರಿಯಲ್ಲಿ. ಆ ಚೀಲದ ಯಂತ್ರವೇ ತಡಕ್ಕೆ ದೊಡ್ಡ ಕಾರಣ.

ಇಷ್ಟಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ಈವರೆಗೆ ನೋಡಿದವರೆಲ್ಲ ಒಳಗಿನವರು, ಯಾವ ಗುಂಡಿ ಒತ್ತಬೇಕೆಂದು ಗೊತ್ತಿರುವವರು. ಒಳಗಿನವರೇ ಬಳಸುವವರ ವೇಷ ಹಾಕಿ ಮಾಡುವ ಪರೀಕ್ಷೆಗೆ ಆಲ್ಫಾ ಎನ್ನುತ್ತಾರೆ. ಆಮೇಲೆ ಹೊರಗಿನ ಕೆಲವರ ಕೈಗೆ ಕೊಟ್ಟು, ‘ನಿಮ್ಮ ಮನಸ್ಸಿಗೆ ಬಂದ ಹಾಗೆ ಬಳಸಿ, ತೊಂದರೆಯಾದರೆ ಹೇಳಿ’ ಎನ್ನುವುದು ಬೀಟಾ. ಆಲ್ಫಾ, ಬೀಟಾ ಗ್ರೀಕ್ ಅಕ್ಷರಮಾಲೆಯ ಮೊದಲ ಎರಡು ಅಕ್ಷರ, ನಮ್ಮ ಅ, ಆ ಇದ್ದ ಹಾಗೆ. ಐಬಿಎಂ ಕಂಪನಿಯಲ್ಲಿ ಹಿಂದೆ ಇದ್ದ ‘ಎ’ ತಪಾಸಣೆ, ‘ಬಿ’ ತಪಾಸಣೆ ಎಂಬ ಮಾತುಗಳಿಂದ ಈ ರೂಢಿ ಬಂತು ಎನ್ನುತ್ತಾರೆ. ವಿಮಾನ ನಿಲ್ದಾಣಗಳಲ್ಲೂ ಇದೇ ರೂಢಿ: ತೆರೆಯುವ ಮುನ್ನ ಸ್ವಯಂಸೇವಕರನ್ನು ಕರೆದು ಕೈಗೊಂದು ಸುಳ್ಳು ಟಿಕೇಟು, ಸುಳ್ಳು ಚೀಲ ಕೊಟ್ಟು ಪ್ರಯಾಣಿಕರಂತೆ ಓಡಾಡಿಸುತ್ತಾರೆ.

ಬೀಟಾದಲ್ಲಿ ಸಿಗುವ ತಪ್ಪುಗಳೇ ಬೇರೆ ಬಗೆಯವು. ಒಳಗಿನವರು ದಾರಿಯಲ್ಲೇ ನಡೆಯುತ್ತಾರೆ, ಹೊರಗಿನವರು ಗದ್ದೆಗೂ ಇಳಿಯುತ್ತಾರೆ. ಗುಂಡಿಯನ್ನು ಒಮ್ಮೆ ಒತ್ತಿ ಕಾಯಿರಿ ಎಂದರೆ ಆರು ಸಲ ಒತ್ತುವ ತಾತ, ಫೋನ್ ನಂಬರಿನ ಜಾಗದಲ್ಲಿ ನಗುಮುಖದ ಚಿತ್ರ ಹಾಕುವ ಮೊಮ್ಮಗ, ಇವರಿಬ್ಬರಿಗಿಂತ ಒಳ್ಳೆಯ ಪರೀಕ್ಷಕರು ಬೆಂಗಳೂರಿನ ಯಾವ ಕಂಪನಿಯಲ್ಲೂ ಸಿಗಲಾರರು. ತಮಾಷೆಗೆ ಹೇಳುತ್ತಿಲ್ಲ. ಪರೀಕ್ಷೆ ಮಾಡುವವರು ಸಂಬಳ ಪಡೆದು ಮಾಡುವುದು ಇದೇ ತುಂಟತನವನ್ನು. ‘ಇದು ಕೆಲಸ ಮಾಡುತ್ತದೆ’ ಎಂದು ತೋರಿಸಲು ಹೊರಟವರಿಗೆ ತಪ್ಪು ಕಾಣುವುದಿಲ್ಲ. ‘ಇದನ್ನು ಹೇಗೆ ಕೆಡಿಸಲಿ’ ಎಂದು ಹೊರಟವರಿಗೆ ಕಾಣುತ್ತದೆ.

ಬೀಟಾ ಎಷ್ಟು ದಿನ ಇರಬೇಕು ಎಂಬುದಕ್ಕೆ ಕಟ್ಟಳೆಯಿಲ್ಲ. ಜಿಮೇಲ್ 2004ರ ಏಪ್ರಿಲ್ 1ರಂದು ಬಂದಾಗ ಹೆಸರಿನ ಪಕ್ಕದಲ್ಲಿ ‘ಬೀಟಾ’ ಎಂದಿತ್ತು. ಆ ಪದ ತೆಗೆದದ್ದು 2009ರ ಜುಲೈಯಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಬಳಸಿ ಆಗಿತ್ತು! ಐದು ವರ್ಷ ‘ಇನ್ನೂ ಪರೀಕ್ಷೆಯಲ್ಲಿದೆ’ ಎನ್ನುವುದು ಎಚ್ಚರಿಕೆಯೋ, ದೂರಿನಿಂದ ತಪ್ಪಿಸಿಕೊಳ್ಳುವ ಉಪಾಯವೋ, ನೀವೇ ಹೇಳಿ.

ಬೀಟಾದಲ್ಲಿ ಕಂಡ ತಪ್ಪುಗಳನ್ನು ತಿದ್ದುವಾಗ ಇನ್ನೊಂದು ಪೀಕಲಾಟ ಇದೆ. ಹಳೇ ಪಂಚೆಗೆ ಒಂದು ಕಡೆ ತೇಪೆ ಹಾಕಿದರೆ ಪಕ್ಕದಲ್ಲೇ ಹರಿಯುವಂತೆ, ಒಂದು ತಪ್ಪು ತಿದ್ದಿದಾಗ ಸರಿಯಿದ್ದ ಇನ್ನೊಂದು ಕೆಡಬಹುದು. ಹಾಗಾಗಿ ಪ್ರತಿ ತಿದ್ದುಪಡಿಯ ನಂತರ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು. ಬೇಸರದ ಕೆಲಸ. ಇದನ್ನು ಈಗ ಬಹುಪಾಲು ಯಂತ್ರಕ್ಕೇ ವಹಿಸಿದ್ದಾರೆ, ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ಫಲಿತಾಂಶ ನೋಡುತ್ತಾರೆ. ಎಲ್ಲ ಮುಗಿದು, ‘ಇನ್ನೇನೂ ದೊಡ್ಡ ತಪ್ಪು ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ’ ಎಂಬ ಪ್ರತಿಗೆ ರಿಲೀಸ್ ಕ್ಯಾಂಡಿಡೇಟ್ ಎಂದು ಹೆಸರು. ಅಭ್ಯರ್ಥಿ ಎಂದರೆ ಅಭ್ಯರ್ಥಿಯೇ, ಗೆದ್ದ ಮೇಲಷ್ಟೇ ಶಾಸಕ. ಕೊನೆಯ ಗಳಿಗೆಯಲ್ಲಿ ತಪ್ಪು ಸಿಕ್ಕರೆ ಎರಡನೇ ಅಭ್ಯರ್ಥಿ, ಮೂರನೇ ಅಭ್ಯರ್ಥಿ ಬರುವುದೂ ಉಂಟು.

ಪಹಣಿಯ ಪರೀಕ್ಷೆ

ಚೀಲ ಕಳೆದರೆ ನಾಲ್ಕು ದಿನ ತಡವಾಗಿಯಾದರೂ ಸಿಕ್ಕೀತು. ಜಮೀನು ಕಳೆದರೆ? ನಮ್ಮ ರಾಜ್ಯದಲ್ಲಿ ಕಂಪ್ಯೂಟರು ಎದುರಿಸಿದ ಅತಿ ಗಂಭೀರ ಪರೀಕ್ಷೆಗಳಲ್ಲಿ ಒಂದು ‘ಭೂಮಿ’ ಯೋಜನೆಯದು.

ತಾತಂದಿರಿಗೆ ನೆನಪಿದೆ: ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಅದಕ್ಕೂ ಹಿಂದೆ ಶಾನುಭೋಗರ ಕಾಲ. ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕಾದರೆ ಅವರು ಸಿಗುವವರೆಗೆ ಅಲೆದಾಟ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಇದನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷದಷ್ಟು ರೈತರು, 177 ತಾಲ್ಲೂಕುಗಳು. ಒಮ್ಮೆಗೇ ರಾಜ್ಯಕ್ಕೆಲ್ಲ ಹಚ್ಚಲಿಲ್ಲ. ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗ ನಡೆಯಿತು, ಮಂಡ್ಯ ಜಿಲ್ಲೆಯ ಮದ್ದೂರು ಅವುಗಳಲ್ಲೊಂದು. ಆಮೇಲೆ ಉಳಿದ ಕಡೆ. ಟರ್ಮಿನಲ್ಲಿನಲ್ಲಿ ಮೊದಲು ಕಲಬುರಗಿಯ ಸಣ್ಣ ವಿಮಾನ ಹಾರಿತಲ್ಲ, ಇದೂ ಹಾಗೇ.

ಇಲ್ಲಿ ಪರೀಕ್ಷೆಗೆ ಎರಡು ಮುಖ ಇದ್ದವು. ಸಾಫ್ಟ್‌ವೇರು ಸರಿಯಿದ್ದು ಅದರೊಳಗೆ ಟೈಪು ಮಾಡಿದ ವಿವರ ತಪ್ಪಿದ್ದರೆ ಫಲ ಒಂದೇ. ಲೆಕ್ಕದ ತಪ್ಪುಗಳನ್ನು ಯಂತ್ರವೇ ಹಿಡಿಯಬಲ್ಲದು. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಗುಂಟೆಯ ಜಾಗದಲ್ಲಿ 52 ಎಂದು ಬಿದ್ದರೆ ಅದು ತಪ್ಪೇ. ಪಹಣಿಯ 3ನೇ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ, 9ನೇ ಕಾಲಂನಲ್ಲಿ ಒಬ್ಬೊಬ್ಬ ಒಡೆಯರ ಪಾಲು. ಪಾಲುಗಳನ್ನು ಕೂಡಿದರೆ ಒಟ್ಟು ಬರಬೇಕು. ಅಣ್ಣತಮ್ಮಂದಿರ ಪಾಲು ಕೂಡಿದಾಗ ಹೊಲಕ್ಕಿಂತ ದೊಡ್ಡದಾದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಲೆಕ್ಕ. ಈ ತಾಳೆ ತಪ್ಪಿದ ಪಹಣಿಗಳು ಎಷ್ಟೋ ಇದ್ದವು. ಕೆಲವು ತಪ್ಪು ಕೈಬರಹದ ಕಾಲದವೇ. ಅವು ಪುಸ್ತಕದಲ್ಲಿ ಮಲಗಿದ್ದವು, ಕಂಪ್ಯೂಟರು ಎಬ್ಬಿಸಿತು.

ಆದರೆ ‘ಮುನಿಯಪ್ಪ ಬಿನ್ ಮುನಿಶಾಮಪ್ಪ’ ಎಂಬುದು ‘ಮುನಿಶಾಮಪ್ಪ ಬಿನ್ ಮುನಿಯಪ್ಪ’ ಎಂದಾದರೆ? ಅಪ್ಪ ಮಗನಾದ, ಮಗ ಅಪ್ಪನಾದ. ‘ಕೋಂ’ ಎಂಬಲ್ಲಿ ‘ಬಿನ್’ ಬಿದ್ದರೆ ಹೆಂಡತಿ ಮಗನಾದಳು. ಯಂತ್ರದ ಕಣ್ಣಿಗೆ ಎರಡೂ ಒಪ್ಪಾದ ಹೆಸರುಗಳೇ. ಇದನ್ನು ಹಿಡಿಯಲು ಊರು ಗೊತ್ತಿರುವ ಮನುಷ್ಯರೇ ಬೇಕು. ಅದಕ್ಕೇ ಟೈಪು ಮಾಡಿದ ಪಹಣಿಗಳನ್ನು ಮುದ್ರಿಸಿ, ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದ ಜತೆ ಸಾಲುಸಾಲಾಗಿ ತಾಳೆ ನೋಡಿಸಿದರು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ. ಯೋಜನೆಯ ಹೆಸರು ಹೇಳುವಾಗ ಬೆರಳಚ್ಚಿನ ಬೀಗ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುತ್ತಿದ್ದ ಮುದ್ರಿತ ಪಹಣಿ, ಇವನ್ನು ನೆನೆಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಕೆಂಪು ಪೆನ್ನು ಹಿಡಿದು ಕೂತು ಓದಿದ ಆ ಕಣ್ಣುಗಳ ಕೆಲಸ. ಅಷ್ಟಾದರೂ ಕೆಲವು ತಪ್ಪು ಉಳಿದವು. ತಿದ್ದುಪಡಿಗೆಂದು ತಹಶೀಲ್ದಾರರ ಕಚೇರಿಗೆ ಅರ್ಜಿ ಹಿಡಿದು ಹೋಗುವವರು ಇವತ್ತಿಗೂ ಇದ್ದಾರೆ.

ಬೀಟಾ ಮಾಡಲಾಗದ ಜಾಗ

ಕೆಲವು ಕೆಲಸಗಳಿಗೆ ಹೊರಗಿನವರನ್ನು ಕರೆದು ಬಳಸಿ ನೋಡಿ ಎನ್ನುವ ಹಾಗಿಲ್ಲ. ಚಂದ್ರನ ಮೇಲೆ ಇಳಿಯುವುದು ಅಂಥದ್ದು. ಇಳಿಯುವಾಗ ಭೂಮಿಯಿಂದ ಯಾರೂ ನಡೆಸುವುದಿಲ್ಲ, ನೌಕೆಯ ಸಾಫ್ಟ್‌ವೇರೇ ನೋಡಿ, ಅಳೆದು, ತೀರ್ಮಾನಿಸಿ ಇಳಿಯಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ಇಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ಕೊಟ್ಟವು. ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಿತ್ತು. ಅಷ್ಟು ಬೇಗ ತಿರುಗಲು ಸಾಫ್ಟ್‌ವೇರಿನ ಮಿತಿ ಬಿಡಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಉದ್ದ, 500 ಮೀಟರ್ ಅಗಲದ ಪುಟ್ಟ ಚೌಕ. ತಪ್ಪಿನ ಮೇಲೆ ತಪ್ಪು ಕೂಡಿಕೊಂಡು ವಿಕ್ರಮ್ ಬಿದ್ದುಹೋಯಿತು. ಆ ರಾತ್ರಿ ಟಿವಿ ಮುಂದೆ ಎದ್ದು ಕೂತಿದ್ದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿರಬಹುದು.

ಚಂದ್ರಯಾನ-3ಕ್ಕೆ ಸಿದ್ಧರಾದಾಗ ಇಸ್ರೋದವರು ಕೇಳಿಕೊಂಡ ಪ್ರಶ್ನೆ ಬೇರೆ. ‘ಯಾವುದು ಸರಿಯಾಗಬೇಕು’ ಎಂದು ಕೇಳುವ ಬದಲು ‘ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ’ ಎಂದು ಕೇಳಿಕೊಂಡರು. ನೌಕೆಯ ಕಣ್ಣುಗಳಂಥ ಸಂವೇದಕಗಳನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿ ನೋಡಿದರು. ಇಂಜಿನು, ಸಂವೇದಕ, ಸಾಫ್ಟ್‌ವೇರು ಮೂರನ್ನೂ ಜೋಡಿಸಿ ಎತ್ತರದ ಕ್ರೇನಿಗೆ ತೂಗುಹಾಕಿ ಪರೀಕ್ಷಿಸಿದರು. ಚಂದ್ರನ ಮಣ್ಣಿನಂಥ ಮಣ್ಣಿನ ಮೇಲೆ ಕಾಲುಗಳನ್ನು ಬೀಳಿಸಿ ನೋಡಿದರು. ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಏನಾಯಿತೆಂದು ನಿಮಗೆಲ್ಲ ಗೊತ್ತು.

ಹಬ್ಬದ ದಿನ ನೈವೇದ್ಯಕ್ಕೆ ಇಡುವ ಅಡುಗೆಯ ಉಪ್ಪು ನೋಡುವ ಹಾಗಿಲ್ಲ. ಆದರೂ ಅಜ್ಜಿಯ ಪುಳಿಯೋಗರೆ ಕೆಡುವುದಿಲ್ಲ, ಐವತ್ತು ವರ್ಷ ಪಳಗಿದ ಕೈ ಅದು. ಚಂದ್ರನಲ್ಲಿಗೆ ಹೋಗುವ ಸಾಫ್ಟ್‌ವೇರಿಗೆ ಆ ಐವತ್ತು ವರ್ಷವನ್ನು ಕ್ರೇನಿನ ಮೇಲೆ ಕೆಲವೇ ತಿಂಗಳಲ್ಲಿ ಕಲಿಸಬೇಕು.

ಜರಡಿ ತೆಗೆಯಲು ಮರೆತ ದಿನ

ಪರೀಕ್ಷೆಯೇ ತೊಂದರೆ ತಂದಿಟ್ಟ ಕಥೆಯೂ ಒಂದಿದೆ. ನಮ್ಮ ದೇವನಹಳ್ಳಿ ನಿಲ್ದಾಣ ಮೊದಲು ತೆರೆದದ್ದು 2008ರ ಮೇ 24ರಂದು. ಅದಕ್ಕೆ ಎರಡು ತಿಂಗಳು ಮುಂಚೆ, ಮಾರ್ಚ್ 27ರಂದು, ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಐದನೇ ಟರ್ಮಿನಲ್ ಶುರುವಾಯಿತು. ಸಾವಿರಾರು ಸ್ವಯಂಸೇವಕರನ್ನು ಕರೆದು ತಿಂಗಳುಗಟ್ಟಲೆ ತಾಲೀಮು ಮಾಡಿದ್ದರು. ತಾಲೀಮಿನಲ್ಲಿ ಹುಟ್ಟುವ ಸುಳ್ಳು ಸಂದೇಶಗಳು ಹೊರಗಿನ ನಿಜವಾದ ವ್ಯವಸ್ಥೆಗಳಿಗೆ ಹೋಗಿ ಗೊಂದಲ ಮಾಡದಿರಲೆಂದು ಸಾಫ್ಟ್‌ವೇರಿನಲ್ಲಿ ಒಂದು ಜರಡಿ ಹಾಕಿದ್ದರು. ಒಳ್ಳೆಯ ಮುನ್ನೆಚ್ಚರಿಕೆ. ಆದರೆ ತೆರೆದ ದಿನ ಜರಡಿ ತೆಗೆಯಲು ಮರೆತರು. ಬೇರೆ ಕಂಪನಿಗಳ ವಿಮಾನದಲ್ಲಿ ಬಂದು ಇಲ್ಲಿ ಬದಲಾಯಿಸುವವರ ಚೀಲಗಳ ಸಂದೇಶ ಒಳಗೆ ಬರಲೇ ಇಲ್ಲ. ಚೀಲ ಬಂತು, ಅದು ಯಾರದೆಂದು ಯಂತ್ರಕ್ಕೆ ತಿಳಿಯಲಿಲ್ಲ. ಇದರ ಜತೆಗೆ ನೌಕರರಿಗೆ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ, ಕೆಲವರಿಗೆ ಕಂಪ್ಯೂಟರಿನ ಒಳಗೇ ಹೋಗಲಾಗಲಿಲ್ಲ. ಮೊದಲ ಹತ್ತು ದಿನದಲ್ಲಿ ಸುಮಾರು 500 ವಿಮಾನ ರದ್ದಾದವು, 23,000ಕ್ಕೂ ಹೆಚ್ಚು ಚೀಲಗಳನ್ನು ಕೈಯಲ್ಲೇ ವಿಂಗಡಿಸಬೇಕಾಯಿತು.

ಪರೀಕ್ಷೆಯ ಸಾಮಾನನ್ನು ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕು ಎಂಬುದನ್ನು ನಮ್ಮೂರ ಶಾಲೆಗಳಲ್ಲೇ ನೋಡಬಹುದು. ಚುನಾವಣೆಯ ದಿನ ಬೆಳಗಿನ ಜಾವ, ಮತಗಟ್ಟೆಯ ಬಾಗಿಲು ತೆರೆಯುವ ಮುನ್ನ, ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಹಾಕಿ, ಹಾಕಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ಉದುರಿದ ಚೀಟಿಗೂ ತಾಳೆ ನೋಡುತ್ತಾರೆ. ಆಮೇಲೆ ‘ಕ್ಲಿಯರ್’ ಗುಂಡಿ ಒತ್ತಿ ಆ ಮತಗಳನ್ನೆಲ್ಲ ಅಳಿಸಿ, ಸೊನ್ನೆ ಬಂದದ್ದನ್ನು ತೋರಿಸಿ, ಚೀಟಿಗಳನ್ನು ಹೊರತೆಗೆದು ಲಕೋಟೆಗೆ ಹಾಕಿ ಮೊಹರು ಮಾಡುತ್ತಾರೆ. ಆ ಗುಂಡಿ ಒತ್ತದಿದ್ದರೆ ಅಣಕಿನ ಮತವೂ ಅಸಲಿ ಮತವೂ ಕಲಸಿಹೋಗುತ್ತವೆ. ಈ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಮತ ಹಾಕಿ ಬರುವ ಅಜ್ಜಿಯರು ಬೆರಳ ಶಾಯಿ ತೋರಿಸುತ್ತಾರೆ. ಮುಂದಿನ ಸಲ ಈ ಮುಂಜಾವಿನ ಪರೀಕ್ಷೆಯ ಬಗ್ಗೆ ಏಜೆಂಟರಾಗಿ ಕೂತವರನ್ನು ಕೇಳಿನೋಡಿ, ಚೆನ್ನಾಗಿ ಹೇಳುತ್ತಾರೆ.

ಬಿಡುಗಡೆಯಾದ ಮೇಲೂ ತಪ್ಪುಗಳು ಸಿಗುತ್ತಲೇ ಇರುತ್ತವೆ. ತಾತನ ಫೋನು ರಾತ್ರಿ ಹೊತ್ತು ‘ಅಪ್‌ಡೇಟ್ ಮಾಡಲೇ?’ ಎಂದು ಕೇಳುವುದು ಅದಕ್ಕೇ. ಆ ಅಪ್‌ಡೇಟ್ ಕೂಡ ಎಷ್ಟೋ ಸಲ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ಮೊದಲು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಕಳಿಸಿ, ದೂರು ಬರದಿದ್ದರೆ ಹತ್ತು ಜನರಿಗೆ, ಆಮೇಲೆ ಎಲ್ಲರಿಗೆ. ಪಕ್ಕದ ಮನೆಯವರ ಫೋನಿನಲ್ಲಿ ಬಂದ ಹೊಸ ಗುಂಡಿ ನಿಮ್ಮದರಲ್ಲಿ ಇನ್ನೂ ಬಂದಿಲ್ಲವೆಂದರೆ ಫೋನು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

ಮಕ್ಕಳೇ, ಈ ಕೆಲಸದಲ್ಲಿ ನೀವೂ ತಾತ-ಅಜ್ಜಿಯರೂ ಸೇರಿಕೊಳ್ಳಬಹುದು. ಬಹಳಷ್ಟು ಆಪ್‌ಗಳಲ್ಲಿ ತೊಂದರೆ ತಿಳಿಸಲು ಒಂದು ಜಾಗ ಇರುತ್ತದೆ. ಅಲ್ಲಿ ‘ಕೆಲಸ ಮಾಡ್ತಿಲ್ಲ’ ಎಂದಷ್ಟೇ ಬರೆದರೆ ಡಾಕ್ಟರಿಗೆ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ. ಯಾವ ಫೋನು, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದರೂ ಹಾಗೇ ಆಗುತ್ತದೆಯೇ, ಇಷ್ಟು ಬರೆಯಬೇಕು. ಪರದೆಯ ಚಿತ್ರ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಫೋನ್ ನಂಬರು, ಓಟಿಪಿ, ಬ್ಯಾಂಕಿನ ವಿವರ ಕಾಣದ ಹಾಗೆ ನೋಡಿಕೊಳ್ಳಿ. ಉದಾಹರಣೆಗೆ ಹೀಗೆ: ‘ಅಜ್ಜಿಯ ಹೆಸರು ಲಕ್ಷ್ಮಮ್ಮ. ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಟೈಪು ಮಾಡಿದೆವು. ಟೈಪು ಮಾಡುವಾಗ ಸರಿಯಾಗಿತ್ತು. ಸೇವ್ ಒತ್ತಿದ ಮೇಲೆ ಒತ್ತಕ್ಷರ ಬಿಟ್ಟುಹೋಗಿ ಲಕಮ ಎಂದಾಯಿತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಉಳಿಯುತ್ತದೆ.’